ಚಾಡಿಗೆ ಸಿಗದ ಮಿಲ್ನರ್

ಫುಟ್‌ಬಾಲ್ ಆಟಗಾರರ ಬಗ್ಗೆ ಹರಟುವುದು ಕಷ್ಟದ ಕೆಲಸವಲ್ಲ. ಒಬ್ಬನ ಕಾರು, ಇನ್ನೊಬ್ಬನ ವಿಚ್ಛೇದನ, ಮತ್ತೊಬ್ಬ ನಡುರಾತ್ರಿ ಎಲ್ಲಿ ಸಿಕ್ಕಿಬಿದ್ದ ಎಂಬ ಸುದ್ದಿ ಇಷ್ಟಿದ್ದರೆ ಒಂದು ಸಂಜೆ ಸಲೀಸಾಗಿ ಕಳೆಯುತ್ತದೆ. ಜೇಮ್ಸ್ ಮಿಲ್ನರ್ ಈ ಮೂರರಲ್ಲಿ ಒಂದನ್ನೂ ಒದಗಿಸಿದವನಲ್ಲ. ಆದರೂ 2025ರ ಆಗಸ್ಟ್ 31ರ ಭಾನುವಾರ, ಇಂಗ್ಲೆಂಡಿನ ಲೀಡ್ಸ್ ನಗರದ ಡಾಕ್ಟರ ಮನೆಯಲ್ಲಿ ಕಾಫಿ ಎರಡು ಸಲ ತಣ್ಣಗಾಗುವವರೆಗೂ ನಾವು ಅವನನ್ನು ಬಿಟ್ಟು ಬೇರೆ ಮಾತೇ ಆಡಲಿಲ್ಲ. ಟಿವಿಯಲ್ಲಿ ಬ್ರೈಟನ್ ತಂಡ ಮ್ಯಾಂಚೆಸ್ಟರ್ ಸಿಟಿಯ ಎದುರು ಒಂದು ಗೋಲು ಹಿಂದೆ ಬಿದ್ದಿತ್ತು. ಬದಲಿ ಆಟಗಾರನಾಗಿ ಇಳಿದ ಮಿಲ್ನರ್ ಪೆನಾಲ್ಟಿ ಹೊಡೆದು ಸಮ ಮಾಡಿದ. ಕೊನೆಗೆ ಬ್ರೈಟನ್ 2-1ರಿಂದ ಗೆದ್ದೇಬಿಟ್ಟಿತು.

“39 ವರ್ಷ 239 ದಿನ!” ಎಂದು ಹುಡುಗ ಕೂಗಿದ. “ಪ್ರೀಮಿಯರ್ ಲೀಗ್‌ನಲ್ಲಿ ಇದಕ್ಕಿಂತ ವಯಸ್ಸಾದ ಮೇಲೆ ಗೋಲು ಹೊಡೆದವನು ಟೆಡ್ಡಿ ಶೆರಿಂಗ್‌ಹ್ಯಾಮ್ ಒಬ್ಬನೇ.”

ಹುಡುಗ ಎಂದರೆ ಡಾಕ್ಟರ ಮನೆಯ ಮಹಡಿಯ ಕೋಣೆಯಲ್ಲಿರುವ ಎಂಎಸ್‌ಸಿ ವಿದ್ಯಾರ್ಥಿ. ಅನ್ನಕ್ಕೆ ನೀರಿನ ಅಳತೆ ಇನ್ನೂ ತಿಳಿಯದಿದ್ದರೂ ಫುಟ್‌ಬಾಲ್‌ನ ಅಂಕಿಅಂಶವೆಲ್ಲ ಅವನಿಗೆ ಬಾಯಿಪಾಠ.

“ನನಗೂ ಅದೇ ವಯಸ್ಸು,” ಎಂದರು ಡಾಕ್ಟರು. “ಮೆಟ್ಟಿಲು ಹತ್ತಿದರೆ ಮಂಡಿ ಮಾತಾಡುತ್ತದೆ.”

“ನಿಮಗೆ ಆ ವಯಸ್ಸು ದಾಟಿ ಎಂಟು ವರ್ಷವಾಯಿತು,” ಎಂಬ ತಿದ್ದುಪಡಿ ಅಡುಗೆಮನೆಯಿಂದ ಬಂತು. ಅತ್ತಿಗೆಯವರು ಪಂದ್ಯವನ್ನು ಕಿವಿಯಿಂದಲೇ ನೋಡುತ್ತಾರೆ.

ಆಡಿಟರ್ ರಾಯರಿಗೆ ಯಾರನ್ನಾದರೂ ಹೊಗಳುವುದು ಕಿವಿಗೆ ಬಿದ್ದರೆ ಮೈ ತುರಿಸುತ್ತದೆ. ದೋಷವಿಲ್ಲದ ಲೆಕ್ಕ ಇಲ್ಲವೇ ಇಲ್ಲ, ದೋಷ ಕಾಣದಿದ್ದರೆ ನೋಡಿದವನ ಕಣ್ಣಿನಲ್ಲಿಯೇ ದೋಷ ಎನ್ನುವುದು ಅವರ ನಂಬಿಕೆ. “ಇಪ್ಪತ್ತಮೂರು ವರ್ಷದಿಂದ ಆಡುತ್ತಿದ್ದಾನೆ. ಎಲ್ಲಾದರೂ ಒಂದು ತಪ್ಪು ಇರಲೇಬೇಕು. ಹುಡುಕೋಣ,” ಎಂದರು. ತಟ್ಟೆಯಲ್ಲಿ ಕೋಡುಬಳೆ ಒಂದೇ ಉಳಿದಿತ್ತು. ಮಿಲ್ನರ್ ಮೇಲೆ ನಿಲ್ಲುವಂಥ ಒಂದು ದೂರು ತಂದವರಿಗೆ ಅದು ಬಹುಮಾನ ಎಂದು ತೀರ್ಮಾನವಾಯಿತು.

“ಕುಡಿತ?” ಎಂದು ಡಾಕ್ಟರು ತಮ್ಮ ವೃತ್ತಿಯಿಂದಲೇ ಶುರುಮಾಡಿದರು.

“ಮುಟ್ಟಿದವನೇ ಅಲ್ಲ, ಅಂಕಲ್.”

“ಓದು? ಹದಿನಾರಕ್ಕೇ ಪಂದ್ಯಕ್ಕೆ ಇಳಿದವನು. ಶಾಲೆ ತಪ್ಪಿಸಿರುತ್ತಾನೆ.”

ಹುಡುಗ ಬಾಯಿಪಾಠ ಒಪ್ಪಿಸಿದ. ನಮ್ಮ ಹತ್ತನೇ ತರಗತಿಯಂಥ ಜಿಸಿಎಸ್‌ಇ ಪರೀಕ್ಷೆಯಲ್ಲಿ ಹನ್ನೊಂದು ವಿಷಯ ಪಾಸು. ಶಾಲೆ ಬಿಡುವಾಗ ವ್ಯಾಯಾಮ ಶಿಕ್ಷಣಕ್ಕೆ ಬಹುಮಾನ. ಜಿಲ್ಲಾ ಮಟ್ಟದ ಗುಡ್ಡಗಾಡು ಓಟದಲ್ಲಿ ಪ್ರಥಮ, ನೂರು ಮೀಟರ್‌ನಲ್ಲೂ ಪ್ರಥಮ. ಯಾರ್ಕ್‌ಷೈರ್ ಶಾಲಾ ಕ್ರಿಕೆಟ್ ತಂಡಕ್ಕೆ ವಿಕೆಟ್ ಕೀಪರ್ ಬೇರೆ.

ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಇಂಥವನೊಬ್ಬ ನಮ್ಮ ಬೀದಿಯಲ್ಲಿ ಹುಟ್ಟಿದ್ದರೆ ನಮ್ಮೆಲ್ಲರ ಬಾಲ್ಯ ಹಾಳಾಗುತ್ತಿತ್ತು. “ಅವನನ್ನು ನೋಡಿ ಕಲಿ” ಎಂಬ ಮಾತಿಲ್ಲದೆ ಒಂದು ಹೊತ್ತಿನ ಊಟವೂ ಗಂಟಲಿಗೆ ಇಳಿಯುತ್ತಿರಲಿಲ್ಲ.

“ಇಲ್ಲಿ ಸಿಕ್ಕ!” ಎಂದು ಡಾಕ್ಟರು ಎದ್ದುನಿಂತರು. “ಈ ಊರಿನಲ್ಲಿ ಹುಟ್ಟಿ, ಈ ಊರಿನ ಕ್ಲಬ್ಬಿನ ಅಭಿಮಾನಿಯಾಗಿ ಬೆಳೆದು, ಮೈದಾನದ ಅಂಚಿನಲ್ಲಿ ಚೆಂಡು ಹೆಕ್ಕಿಕೊಡುವ ಹುಡುಗನಾಗಿದ್ದು, ಕ್ಲಬ್ ಮುಳುಗುವಾಗ ನ್ಯೂಕ್ಯಾಸಲ್‌ಗೆ ಹಾರಿದ. 2004. ಇದು ದ್ರೋಹವಲ್ಲದೆ ಮತ್ತೇನು?”

ಡಾಕ್ಟರು ಹಾಗೆನ್ನಬಾರದಿತ್ತು. ಲೀಡ್ಸ್ ಯುನೈಟೆಡ್ ಕ್ಲಬ್ಬಿನ ಲೆಕ್ಕಪತ್ರ ರಾಯರ ಪಾಲಿಗೆ ಪುರಾಣ, ಪಾರಾಯಣಕ್ಕೆ ನೆಪವೊಂದು ಸಿಕ್ಕರೆ ಸಾಕು.

“ಅವನು ಹಾರಿದ್ದಲ್ಲ ಸ್ವಾಮಿ, ಮಾರಿದ್ದು. 2001ರಲ್ಲಿ ಯುರೋಪಿನ ಅಗ್ರ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿದ ಕ್ಲಬ್ ಇದು. ಪ್ರತಿ ವರ್ಷವೂ ಅಲ್ಲಿಗೆ ಹೋಗುತ್ತೇವೆ, ಆ ಹಣ ಬಂದೇ ಬರುತ್ತದೆ ಎಂದುಕೊಂಡು, ಮುಂದೆ ಮಾರಬೇಕಾದ ಟಿಕೆಟ್ಟುಗಳ ಮೇಲೆ 60 ಮಿಲಿಯನ್ ಪೌಂಡ್ ಸಾಲ ತಂದರು. ಕಟ್ಟದಿರುವ ಮನೆಯ ಬಾಡಿಗೆ ನಂಬಿ ಮದುವೆ ಮಾಡಿದ ಹಾಗೆ. ಮುಂದಿನ ವರ್ಷ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆಯೇ ಸಿಗಲಿಲ್ಲ. ಆಮೇಲೆ ಫರ್ಡಿನ್ಯಾಂಡ್ ಹೋದ, ಕೀನ್ ಹೋದ, ವಿಡೂಕ ಹೋದ, ಸ್ಮಿತ್ ಹೋದ. 2004ರಲ್ಲಿ ತಂಡವೇ ಕೆಳಗಿನ ದರ್ಜೆಗೆ ಜಾರಿತು. ಲೆಕ್ಕ ತೆಗೆದು ನೋಡಿದರೆ ಅಧ್ಯಕ್ಷರ ಕಚೇರಿಯ ಗಾಜಿನ ತೊಟ್ಟಿಯಲ್ಲಿದ್ದ ಮೀನುಗಳಿಗೂ ಬಾಡಿಗೆ! ವರ್ಷಕ್ಕೆ 240 ಪೌಂಡ್!”

“ಮೀನು ಬಾಡಿಗೆಗೆ ಸಿಗುತ್ತದೆಯೇ?” ಎಂದು ಅತ್ತಿಗೆಯವರು ಸೌಟು ಹಿಡಿದೇ ಹೊರಬಂದರು.

“ಸಿಗುತ್ತದೆ ಎನ್ನುವುದೇ ಈ ದೇಶದ ವಿಶೇಷ. ಕ್ಲಬ್ಬಿನ ಬಳಿ ಉಳಿದಿದ್ದ ಒಡವೆಯೆಂದರೆ ಹದಿನೆಂಟು ವರ್ಷದ ಈ ಮಿಲ್ನರ್. ಅವನನ್ನೂ ಮಾರಿದರು. ಅವನಿಗೆ ಹೋಗುವ ಮನಸ್ಸಿರಲಿಲ್ಲ.”

ಹೀಗೆ ದೂರು ವಜಾ ಆಯಿತು. ನ್ಯೂಕ್ಯಾಸಲ್‌ನವರಾದರೂ ಅವನನ್ನು ನೆಮ್ಮದಿಯಾಗಿ ಇಟ್ಟುಕೊಂಡರೇ ಎಂದರೆ ಅದೂ ಇಲ್ಲ. ಆಸ್ಟನ್ ವಿಲ್ಲಾ ಕ್ಲಬ್ಬಿನ ಆಟಗಾರ ನೋಲ್ಬೆರ್ಟೊ ಸೊಲಾನೊ ಬೇಕೆಂದು ಇವನನ್ನು ಆ ಕ್ಲಬ್ಬಿಗೆ ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟರು. 2006ರಲ್ಲಿ ಶಾಶ್ವತವಾಗಿ ಕೊಡುತ್ತೇವೆಂದು ಕಳುಹಿಸಿ, ವರ್ಗಾವಣೆಯ ಗಡುವು ಮುಗಿಯುವ ದಿನ ಕೊನೆಗಳಿಗೆಯಲ್ಲಿ ವಾಪಸು ಕರೆಸಿಕೊಂಡರು. ಹೆಣ್ಣಿನವರ ಮನೆ ಬಾಗಿಲಿನಿಂದ ದಿಬ್ಬಣ ಹಿಂತಿರುಗಿತೆಂದು ಅತ್ತಿಗೆಯವರು ನೊಂದುಕೊಂಡರು. ಅವನು ಮರುಮಾತಾಡದೆ ಮತ್ತೆರಡು ವರ್ಷ ಅಲ್ಲೇ ಆಡಿ, 2008ರಲ್ಲಿ ಅದೇ ವಿಲ್ಲಾಗೆ ಹೋದ.

“ನಿಮಗೆ ದೂರು ತಾನೇ ಬೇಕು? ನ್ಯೂಕ್ಯಾಸಲ್‌ನ ಮ್ಯಾನೇಜರ್ ಗ್ರೇಮ್ ಸೌನೆಸ್ ಹೇಳಿದ್ದನ್ನು ತಗೊಳ್ಳಿ,” ಎಂದು ನಾನು ಬಾಯಿಹಾಕಿದೆ. “ಬರೀ ಜೇಮ್ಸ್ ಮಿಲ್ನರ್‌ಗಳನ್ನೇ ತುಂಬಿಕೊಂಡ ತಂಡದಿಂದ ಏನನ್ನೂ ಗೆಲ್ಲಲಾಗದು ಎನ್ನುವ ಅರ್ಥದ ಮಾತದು.”

“ಪ್ರೀಮಿಯರ್ ಲೀಗ್ ಮೂರು ಸಲ ಗೆದ್ದಿದ್ದಾನೆ, ಅಂಕಲ್. ಸಿಟಿಯಲ್ಲಿ 2012 ಮತ್ತು 2014, ಲಿವರ್‌ಪೂಲ್‌ನಲ್ಲಿ 2020. 2019ರಲ್ಲಿ ಚಾಂಪಿಯನ್ಸ್ ಲೀಗ್. ಎಫ್ಎ ಕಪ್, ಲೀಗ್ ಕಪ್ಪುಗಳನ್ನೂ ಹೇಳಲೇ?”

“ಬೇಡ,” ಎಂದೆ. ಕೋಡುಬಳೆ ಇನ್ನಷ್ಟು ದೂರ ಸರಿಯಿತು.

ಆದರೂ ಸೌನೆಸ್ ಮಾತಿನಲ್ಲಿ ಹುರುಳೇ ಇರಲಿಲ್ಲ ಎಂದು ನಾನು ಒಪ್ಪುವುದಿಲ್ಲ. ಈ ಮನುಷ್ಯನನ್ನು ನೋಡಲೆಂದು ಟಿಕೆಟ್ ಕೊಂಡವರು ಕಡಿಮೆ. ಅವನು ಚೆಂಡಿನೊಂದಿಗೆ ಸರಸವಾಡುವುದಿಲ್ಲ. ಓಡುತ್ತಾನೆ, ಕಸಿಯುತ್ತಾನೆ, ಕೊಡುತ್ತಾನೆ, ಮತ್ತೆ ಓಡುತ್ತಾನೆ. ಅದಕ್ಕೇ ಎಲ್ಲ ಮ್ಯಾನೇಜರರೂ ಅವನನ್ನು ಖಾಲಿ ಇದ್ದ ಜಾಗಕ್ಕೆಲ್ಲ ಹಾಕಿದರು. ವಿಲ್ಲಾದಲ್ಲಿ ಅಂಚಿನ ಆಟಗಾರನಾಗಿದ್ದವನು. ಅಲ್ಲಿನ ನಡುಮೈದಾನದ ಗ್ಯಾರೆತ್ ಬ್ಯಾರಿ 2009ರಲ್ಲಿ ಸಿಟಿಗೆ ಹೋದಾಗ ಮ್ಯಾನೇಜರ್ ಮಾರ್ಟಿನ್ ಓನೀಲ್ ಇವನನ್ನು ಆ ಜಾಗಕ್ಕೆ ತಂದ. ಆ ಋತುವಿನಲ್ಲೇ ವರ್ಷದ ಯುವ ಆಟಗಾರ ಪ್ರಶಸ್ತಿ ಬಂತು. ಲಿವರ್‌ಪೂಲ್‌ನಲ್ಲಿ ಯುರ್ಗನ್ ಕ್ಲಾಪ್ 2016-17ರ ಋತುವಿಡೀ ಎಡಗಡೆಯ ರಕ್ಷಣೆಗೆ ನಿಲ್ಲಿಸಿದ. ಬಲಗಾಲಿನವನು, ಹುಟ್ಟು ಮಿಡ್‌ಫೀಲ್ಡರ್; ಆ ಜಾಗ ಇಷ್ಟವೂ ಇರಲಿಲ್ಲ. ಆದರೂ ನಿಂತ. ಆ ವರ್ಷ ಲೀಗ್‌ನಲ್ಲಿ ಏಳು ಗೋಲು, ಏಳೂ ಪೆನಾಲ್ಟಿ.

“ನಮ್ಮ ದ್ರಾವಿಡ್!” ಎಂದರು ಡಾಕ್ಟರು, ಕಣ್ಣಲ್ಲಿ ನೀರು ತುಂಬಿಕೊಂಡು. “2003ರ ವಿಶ್ವಕಪ್ಪಿನಲ್ಲಿ ಕೀಪಿಂಗ್ ಗವಸು ಹಾಕು ಎಂದರು, ಹಾಕಿದ.”

“ಮಾತಿಗೊಮ್ಮೆ ದ್ರಾವಿಡ್‌ನನ್ನು ಕರೆಯಬೇಡಿ,” ಎಂದರು ರಾಯರು. “ಬೆಂಗಳೂರಿನವರಿಗೆ ಬೇರೆ ಉದಾಹರಣೆಯೇ ಹೊಳೆಯುವುದಿಲ್ಲ.” ರಾಯರು ಧಾರವಾಡದವರು.

ಹುಡುಗನಿಗೆ ಮೆಸ್ಸಿ ನೆನಪಾದ. ಬಾರ್ಸಿಲೋನಾ ಎದುರಿನ ಪಂದ್ಯವೊಂದರಲ್ಲಿ ಮಿಲ್ನರ್ ಅವನನ್ನು ಬಲವಾಗಿ ತಡೆದಿದ್ದ. ಒಳಗೆ ಹೋಗುವ ದಾರಿಯುದ್ದಕ್ಕೂ ಮೆಸ್ಸಿ ಅವನನ್ನು ಸ್ಪ್ಯಾನಿಷ್‌ನಲ್ಲಿ ಬೈದನಂತೆ, ಕತ್ತೆ ಎಂದೂ ಅಂದನಂತೆ.

“ಇವನಿಗೆ ಅರ್ಥವಾಗಿರಲಿಕ್ಕಿಲ್ಲ ಬಿಡು.”

“ಅದೇ ಸಮಸ್ಯೆ, ಅಂಕಲ್. ಸ್ಪ್ಯಾನಿಷ್ ಕಲಿತಿದ್ದ.”

ಬೈಗುಳ ಅರ್ಥವಾಗಲೆಂದೇ ಭಾಷೆ ಕಲಿತವರನ್ನು ನಾವು ಕಂಡಿರಲಿಲ್ಲ. ಡಾಕ್ಟರು ಗೌರವದಿಂದ ಟಿವಿಯ ಕಡೆ ತಿರುಗಿ ಕುಳಿತರು. ಲಿವರ್‌ಪೂಲ್‌ನಲ್ಲಿ ಋತು ಆರಂಭದ ತಾಲೀಮಿನ ಲ್ಯಾಕ್ಟೇಟ್ ಪರೀಕ್ಷೆಯ ಬಗ್ಗೆ ಅವರಿಗೊಂದು ವಿವರಣೆ ಕೊಡುವುದಿತ್ತು. ವೇಗ ಹೆಚ್ಚಿಸುತ್ತ ಓಡಿಸುತ್ತಾರೆ, ನಡುನಡುವೆ ಕಿವಿಯಿಂದ ತೊಟ್ಟು ರಕ್ತ ತೆಗೆದು ದಣಿವು ಎಷ್ಟೆಂದು ಅಳೆಯುತ್ತಾರೆ, ಕೈಚೆಲ್ಲಿದವರು ಪಕ್ಕಕ್ಕೆ ಸರಿಯುತ್ತಾರೆ. ಮೂವತ್ತು ದಾಟಿದ ಮೇಲೂ ಅಲ್ಲಿ ಕೊನೆಯವರೆಗೆ ಉಳಿಯುತ್ತಿದ್ದವನು ಮಿಲ್ನರ್. 2024-25ರಲ್ಲಿ ಮಂಡಿಯ ತೊಂದರೆಯಾಗಿ ತಿಂಗಳುಗಟ್ಟಲೆ ಪಾದವನ್ನೇ ಎತ್ತಲಾಗದೆ ಇದ್ದು, ಈಗ ಬಂದು ಪೆನಾಲ್ಟಿ ಹೊಡೆಯುತ್ತಿದ್ದಾನೆ. “ನನ್ನ ರೋಗಿಗಳಲ್ಲಿ ಹೀಗೆ ಹೇಳಿದ್ದು ಕೇಳುವವನು ಒಬ್ಬನೂ ಇಲ್ಲ,” ಎಂದು ಡಾಕ್ಟರು ನಿಟ್ಟುಸಿರಿಟ್ಟರು.

“ರೋಮಾದಲ್ಲಿ ಸ್ವಂತ ಗೋಲಿಗೇ ಹೊಡೆದುಕೊಂಡಿದ್ದನಲ್ಲ!” ಎಂದು ರಾಯರು ಮತ್ತೆ ಹೊಂಚಿದರು.

ಅದು 2018ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಸಹ ಆಟಗಾರ ಲೊವ್ರೆನ್ ಬೀಸಿ ಒದ್ದ ಚೆಂಡು ಮಿಲ್ನರ್ ಮುಖಕ್ಕೆ ಬಡಿದು ನೆಟ್ಟಿನೊಳಗೆ ಹೋಯಿತು. ಒಟ್ಟು 7-6ರಿಂದ ಲಿವರ್‌ಪೂಲೇ ಫೈನಲ್ ತಲುಪಿತು. ಮುಖ ಇದ್ದದ್ದು ಅಪರಾಧವಾಗುವುದಿಲ್ಲ ಎಂದು ಅತ್ತಿಗೆಯವರು ತೀರ್ಪಿತ್ತರು.

ಉಳಿದದ್ದು ಅವನು ನೀರಸ ಮನುಷ್ಯ ಎಂಬ ಆಪಾದನೆ. ‘ಬೋರಿಂಗ್ ಜೇಮ್ಸ್ ಮಿಲ್ನರ್’ ಎಂಬ ಹೆಸರಿನಲ್ಲಿ ಯಾರೋ ಟ್ವಿಟರ್‌ನಲ್ಲಿ ಇಸ್ತ್ರಿ ಹಾಕಿದ್ದು, ಚಹಾ ಕುಡಿದದ್ದು ಇಂಥ ಸುದ್ದಿಗಳನ್ನೇ ಬರೆದು ಲಕ್ಷಾಂತರ ಜನರನ್ನು ನಗಿಸಿದರು. ನಿಜವಾದ ಮಿಲ್ನರ್ ಮುನಿಸಿಕೊಂಡು ವಕೀಲರ ಬಳಿ ಹೋಗಲಿಲ್ಲ. 2020ರ ಲಾಕ್‌ಡೌನಿನಲ್ಲಿ ತಾನೇ ಟೀ ಪೊಟ್ಟಣಗಳನ್ನು ಎಣಿಸುವ, ಅಂಗಳದ ಹುಲ್ಲನ್ನು ಅಳತೆ ಹಿಡಿದು ಕತ್ತರಿಸುವ ವಿಡಿಯೊ ಹಾಕಿದ. ಅಣಕಿಸಿದವರ ಬಾಯಿಯ ತುತ್ತನ್ನೇ ಕಿತ್ತುಕೊಂಡ.

“ಟೀ ಪೊಟ್ಟಣ ಎಣಿಸಿದರೆ ಗಂಡಸಿಗೆ ಕೀರ್ತಿ,” ಎಂದರು ಅತ್ತಿಗೆಯವರು. “ನಾನು ಈ ಮನೆಯಲ್ಲಿ ಬೇಳೆ, ಅಕ್ಕಿ, ಇವರ ಕಾಲುಚೀಲ ಎಲ್ಲ ಎಣಿಸುತ್ತೇನೆ. ನನಗೆ ಒಬ್ಬ ಅಭಿಮಾನಿಯೂ ಇಲ್ಲ.” ಡಾಕ್ಟರು ಕೈಯೆತ್ತಿದರು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಟಿವಿಯಲ್ಲಿ ಆ ಗೋಲನ್ನು ಮತ್ತೆ ತೋರಿಸಿದರು. ಸಂಭ್ರಮಿಸುವಾಗ ಮಿಲ್ನರ್ ವಿಡಿಯೊ ಗೇಮ್ ಆಡುವವನಂತೆ ಬೆರಳು ಆಡಿಸಿದ್ದು, ಬೆನ್ನ ಮೇಲೆ 6ರ ಬದಲು 20 ಇದ್ದದ್ದು, ಜುಲೈನಲ್ಲಿ ಅಪಘಾತದಲ್ಲಿ ತೀರಿಕೊಂಡ ಲಿವರ್‌ಪೂಲ್‌ನ ಹಳೆಯ ಜೊತೆಗಾರ ದಿಯೊಗೊ ಜೋಟಾಗಾಗಿ. ಆ ಭಂಗಿಯೂ ಆ ಅಂಕಿಯೂ ಅವನವು. ರಾಯರೂ ಆ ಹೊತ್ತಿನಲ್ಲಿ ತಪ್ಪು ಹುಡುಕಲಿಲ್ಲ.

ಆಮೇಲೆ ವಯಸ್ಸಿನ ಲೆಕ್ಕ ಶುರುವಾಯಿತು. ಅವನ ಮೊದಲ ಲೀಗ್ ಗೋಲು 2002ರ ಡಿಸೆಂಬರ್ 26ರಂದು, ಸಂಡರ್‌ಲ್ಯಾಂಡ್ ಎದುರು. ಆಗ ವಯಸ್ಸು 16 ವರ್ಷ 356 ದಿನ. ಲೀಗ್‌ನಲ್ಲಿ ಅತಿ ಚಿಕ್ಕ ವಯಸ್ಸಿಗೆ ಗೋಲು ಹೊಡೆದವನೆಂದು ವೇಯ್ನ್ ರೂನಿ ಎರಡು ತಿಂಗಳ ಹಿಂದಷ್ಟೇ ಮಾಡಿದ್ದ ದಾಖಲೆ ಅಂದೇ ಮುರಿಯಿತು. ಅಂದು ಅವನ ಬ್ರೈಟನ್ ಕೋಚ್ ಫಾಬಿಯನ್ ಹುರ್ಜೆಲರ್ ಒಂಬತ್ತು ವರ್ಷದ ಬಾಲಕ. ಇಂದು ಎದುರಾಳಿ ಸಿಟಿಯ ಪರ ಗೋಲು ಹೊಡೆದ ಹಾಲಂಡ್‌ಗೆ ಆಗ ಎರಡು ವರ್ಷ. ಅವನೂ ಹುಟ್ಟಿದ್ದು ಈ ಲೀಡ್ಸ್‌ನಲ್ಲೇ, ಅಪ್ಪ ಇಲ್ಲಿಯ ಕ್ಲಬ್ಬಿನಲ್ಲಿ ಆಡಿದ್ದವನು. ಊರಿನ ನೀರೇ ಅಂಥದ್ದು ಎಂದು ಡಾಕ್ಟರು ಹೆಮ್ಮೆಪಟ್ಟರು. ಆ ನೀರು ಸರಿಯಿಲ್ಲ ಎಂದು ವಾರವಿಡೀ ಗೊಣಗುವವರೂ ಅವರೇ. ಪಂದ್ಯಗಳ ಎಣಿಕೆಯಲ್ಲಿ ರಯಾನ್ ಗಿಗ್ಸ್‌ನ 632ನ್ನು ಮಿಲ್ನರ್ ಆಗಲೇ ದಾಟಿದ್ದ. ಆ ದಿನಕ್ಕೆ ಅವನ ಮುಂದೆ ಉಳಿದಿದ್ದವನು 653ರ ಗ್ಯಾರೆತ್ ಬ್ಯಾರಿ ಒಬ್ಬನೇ.

“ಸಿಕ್ಕಿತು,” ಎಂದು ರಾಯರು ಇದ್ದಕ್ಕಿದ್ದಂತೆ ತೊಡೆ ತಟ್ಟಿದರು. “ಹುಡುಗಾ, ಇವನು ಗೋಲು ಹೊಡೆದ ಪ್ರೀಮಿಯರ್ ಲೀಗ್ ಪಂದ್ಯಗಳಲ್ಲಿ ತಂಡ ಎಷ್ಟು ಸೋತಿದೆ?”

“ಒಂದೂ ಇಲ್ಲ, ಅಂಕಲ್. ಐವತ್ತಕ್ಕೂ ಹೆಚ್ಚು ಪಂದ್ಯ. ಎಲ್ಲ ಗೆಲುವು, ಇಲ್ಲವೇ ಸಮ.”

“ನೋಡಿ! ತಾನು ಹೊಡೆದರೆ ತಂಡ ಸೋಲುವುದಿಲ್ಲ ಎಂದು ಗೊತ್ತಿದ್ದೂ ಆರುನೂರು ಚಿಲ್ಲರೆ ಪಂದ್ಯಗಳಲ್ಲಿ ಇಷ್ಟೇ ಸಲ ಹೊಡೆದಿದ್ದಾನೆ. ಇದು ಶುದ್ಧ ಕರ್ತವ್ಯಲೋಪ. ವಸೂಲಿಗೆ ನೋಟಿಸ್ ಕಳುಹಿಸಬಹುದು.”

ಅತ್ತಿಗೆಯವರು ಕೂಡ ಒಂದು ಕ್ಷಣ ತಡವರಿಸಿದರು. ಹುಡುಗ ಮಾತ್ರ ಬಿಡಲಿಲ್ಲ. “2010ರ ಲೀಗ್ ಕಪ್ ಫೈನಲ್, ಅಂಕಲ್. ವಿಲ್ಲಾ ಪರ ಐದನೇ ನಿಮಿಷಕ್ಕೇ ಪೆನಾಲ್ಟಿ ಹೊಡೆದ. ಮ್ಯಾಂಚೆಸ್ಟರ್ ಯುನೈಟೆಡ್ 2-1ರಿಂದ ಗೆದ್ದಿತು.”

“ಅದು ಬೇರೆ ಖಾತೆ,” ಎಂದರು ರಾಯರು, ಕೋಡುಬಳೆ ಮುರಿಯುತ್ತ. “ಖಾತೆಗಳನ್ನು ಬೆರೆಸಬಾರದು.”