ಚಳಿಗೆ ಕೋಳಿಗಳು ಮೊಟ್ಟೆ ನಿಲ್ಲಿಸಿವೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆ ನಮ್ಮ ಮನೆ. ಹಿತ್ತಲಲ್ಲಿ ಏಳು ಗಿರಿರಾಜ ಕೋಳಿ, ಒಂದು ನಾಟಿ ಹುಂಜ ಇವೆ. ದಿನಕ್ಕೆ ಮೂರು ಮೊಟ್ಟೆ ಸಿಗುತ್ತಿತ್ತು. ಡಿಸೆಂಬರ್ ಬಂದಿದ್ದೇ ತಡ, ಎರಡು ದಿನಕ್ಕೆ ಒಂದು ಸಿಕ್ಕರೆ ಪುಣ್ಯ.

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೂ ಹೊರಗೆ ಬರುವುದಿಲ್ಲ. ಪುಕ್ಕ ಉಬ್ಬಿಸಿಕೊಂಡು, ಒಂದು ಕಾಲು ಎತ್ತಿಕೊಂಡು ಸುಮ್ನೆ ನಿಂತಿರುತ್ತವೆ. ಬಿಸಿಲು ಬಿದ್ದ ಮೇಲೆ ಮಾಮೂಲಿ ಕೆದಕಾಟ. ಮೇವು ಚೆನ್ನಾಗಿ ತಿನ್ನುತ್ತವೆ, ಹಿಕ್ಕೆಯೂ ಸರಿ ಇದೆ. ಹಾಗಾಗಿ ಕೊಕ್ಕರೆ ರೋಗ (ಕೋಳಿಗಳಿಗೆ ಬರುವ ರಾಣಿಖೇತ್ ಎಂಬ ಅಂಟುರೋಗ) ಅಲ್ಲ ಅನ್ನಿಸುತ್ತದೆ.

ಕೆನಡಾದಲ್ಲಿರುವ ತಂಗಿ ನಗುತ್ತಾಳೆ. ಅಲ್ಲಿ ಹಿಮ ಬೀಳುವಾಗಲೂ ಸಾಕುತ್ತಾರಂತೆ, ಚಳಿಗಿಂತ ಗಾಳಿ ಮತ್ತು ತೇವವೇ ಕೋಳಿಗೆ ಕಷ್ಟವಂತೆ. ನಮ್ಮಲ್ಲಿ ಗಾಳಿಗೇನು ಬರವಾ! ಸುತ್ತ ಗೋಣಿಚೀಲ ಕಟ್ಟಿದೆ. ಒಳಗೆ ಹಿಕ್ಕೆಯ ಘಾಟು ಜಾಸ್ತಿಯಾಯಿತು, ಮೇಲ್ಗಡೆ ಬಿಚ್ಚಿದೆ. ನೆಲಕ್ಕೆ ಶೇಂಗಾ ಸಿಪ್ಪೆ ಹಾಸಿದ್ದೇನೆ.

ಮೊಟ್ಟೆಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು ಅಲ್ವಾ? ಈಗ ನಮ್ಮಲ್ಲಿ ಹಗಲು 11 ಗಂಟೆ ಚಿಲ್ಲರೆ. ಬಲ್ಬ್ ಹಾಕುವುದಾದರೆ ಬೆಳಗಿನ ಜಾವವೋ, ಸಂಜೆಯೋ? ಎಷ್ಟು ವ್ಯಾಟ್ ಸಾಕು? ಎರಡಕ್ಕೆ ಪುಕ್ಕವೂ ಉದುರುತ್ತಿದೆ, ಅವನ್ನು ಹಾಗೇ ಬಿಡುವುದು ಒಳ್ಳೆಯದಾ?

ಹಿತ್ತಲಲ್ಲಿ ಸಾಕಿದವರು ದಯವಿಟ್ಟು ಬೇಗ ಹೇಳಿ. ನಮ್ಮ ಅತ್ತೆ ಆಗಲೇ ಸಾರಿನ ಮಾತು ತೆಗೆದಿದ್ದಾರೆ.