ಸಹಾಯ ಬೇಕು: ಮಗುವಿನ ಹಾಲಿನ ಬಾಟಲಿ ಕುದಿಸಿದರೂ ಒಳಗೆ ಬಿಳಿ ಪೊರೆ

ಮಗುವಿಗೆ ಮೂರು ತಿಂಗಳು. ನಮ್ಮದು ಬೋರ್‌ವೆಲ್ ನೀರು, ಸಿಕ್ಕಾಪಟ್ಟೆ ಗಡಸು. ಬಾಟಲಿ ಪೂರ್ತಿ ಬಿಚ್ಚಿ, ಸೋಪು ಹಾಕಿ ಬ್ರಷ್‌ನಲ್ಲಿ ತಿಕ್ಕಿ, ಮುಳುಗುವಷ್ಟು ನೀರಲ್ಲಿ 10 ನಿಮಿಷ ಕುದಿಸುತ್ತೇನೆ. ಆದರೂ ಒಣಗಿದ ಮೇಲೆ ಒಳಗೆಲ್ಲ ಬಿಳಿ ಪೊರೆ, ನಿಪ್ಪಲ್ ತೂತಿನ ಸುತ್ತ ಉಗುರಲ್ಲಿ ಕೆರೆದರೆ ಪುಡಿ ಬರುತ್ತದೆ. ನೀರಿನ ಸುಣ್ಣದಂಶ ಅಂತ ಗೊತ್ತು. ವಿನೆಗರ್ ನೀರಲ್ಲಿ ನೆನೆಸಿ ತೊಳೆದರೆ ಹೋಗುತ್ತದೆ, ಮತ್ತೆ ಕುದಿಸಿದರೆ ಹಾಜರ್! ಅತ್ತೆ ಬಟ್ಟೆಯಲ್ಲಿ ಒರೆಸು ಅನ್ನುತ್ತಾರೆ, ಆದರೆ ಕುದಿಸಿದ್ದಕ್ಕೆ ಅಡುಗೆಮನೆ ಬಟ್ಟೆ ತಾಗಿಸಿದರೆ ಕುದಿಸಿದ್ದೇ ದಂಡ ಅಲ್ವಾ? ಅದಕ್ಕೇ ಬೋರಲು ಹಾಕಿ ಗಾಳಿಗೆ ಒಣಗಿಸುತ್ತೇನೆ.

ಗಡಸು ನೀರಿನ ಊರಿನವರು ಹೇಳಿ: ಕುದಿಸೋಕೆ ಆರ್‌ಒ ನೀರು ಬಳಸಿದರೆ ಪೊರೆ ನಿಲ್ಲುತ್ತದಾ, ಇಲ್ಲ ಸ್ಟೀಮ್ ಸ್ಟೆರಿಲೈಜರ್ ತಗೊಳ್ಳಲೇಬೇಕಾ?