ನಿವೃತ್ತಿಯ ನಂತರ ಹಕ್ಕಿಗಳ ಛಾಯಾಗ್ರಹಣ: ಒಂದು ಪ್ರಶ್ನೆಗೆ ಬಂದ ಅನುಭವದ ಉತ್ತರಗಳು

ಪ್ರಶ್ನೆ (ನಿವೃತ್ತ ಬ್ಯಾಂಕ್ ಉದ್ಯೋಗಿ, ದಾವಣಗೆರೆ)

ಬ್ಯಾಂಕ್ ಕೆಲಸದಿಂದ ಇತ್ತೀಚೆಗೆ ನಿವೃತ್ತನಾಗಿದ್ದೇನೆ. ಬೆಳಿಗ್ಗೆ ಕುಂದವಾಡ ಕೆರೆಯ ಸುತ್ತ ನಡೆಯುವಾಗ ಕಾಣುವ ಹಕ್ಕಿಗಳ ಚಿತ್ರ ತೆಗೆಯಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಮೊಬೈಲಿನಲ್ಲಿ ತೆಗೆದರೆ ನೀರು ಕಾಣುತ್ತದೆಯೇ ಹೊರತು ಹಕ್ಕಿ ಕಾಣುವುದಿಲ್ಲ. ಮಗ ದೊಡ್ಡ ಲೆನ್ಸ್ ಕೊಡಿಸುತ್ತೇನೆ ಎನ್ನುತ್ತಾನೆ. ಅದು ಎರಡೇ ತಿಂಗಳಲ್ಲಿ ಬೀರು ಸೇರುತ್ತದೆ ಎಂಬುದು ನಮ್ಮ ಮನೆಯವರ ಅಭಿಪ್ರಾಯ. ನನಗೆ ಎಡ ಮೊಣಕಾಲಿನ ನೋವೂ ಇದೆ. ಯಾವ ಕ್ಯಾಮೆರಾ ಕೊಳ್ಳಬೇಕು, ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಈ ದಾರಿಯಲ್ಲಿ ನಡೆದಿರುವವರು ದಯವಿಟ್ಟು ತಿಳಿಸಿ.

ನಿವೃತ್ತ ಇಂಜಿನಿಯರಿಂಗ್ ಉಪನ್ಯಾಸಕರು, ದಾವಣಗೆರೆ

ಸರ್, ಲೆನ್ಸಿನ ಉದ್ದವನ್ನು ವಿಚಾರಿಸುವ ಮೊದಲು ಅದರ ತೂಕವನ್ನು ವಿಚಾರಿಸಿ ಎಂಬುದು ನನ್ನ ಮೊದಲ ಸಲಹೆ. 150-600 ಮಿ.ಮೀ. (ಈ ಸಂಖ್ಯೆ ಹೆಚ್ಚಿದಷ್ಟೂ ದೂರದ ಹಕ್ಕಿ ದೊಡ್ಡದಾಗಿ ಕಾಣುತ್ತದೆ) ಜೂಮ್ ಲೆನ್ಸುಗಳು ಸಾಮಾನ್ಯವಾಗಿ ಎರಡು ಕಿಲೋ ಆಸುಪಾಸಿನಲ್ಲಿ ತೂಗುತ್ತವೆ. ಕ್ಯಾಮೆರಾ ಸೇರಿದರೆ ಎರಡೂವರೆ ಕಿಲೋ ಆಗುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಎತ್ತಿ ನೋಡುವಾಗ ಇದು ಹೊರೆ ಎನಿಸುವುದೇ ಇಲ್ಲ. ಆದರೆ ಕೊಂಬೆಯ ಮೇಲೆ ಕುಳಿತ ಮಿಂಚುಳ್ಳಿ ಯಾವ ಕ್ಷಣ ನೀರಿಗೆ ಧುಮುಕೀತೋ ಎಂದು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೇ ಕಾಯಬೇಕಾದಾಗ ಮೊದಲು ಸೋಲುವುದು ಹೆಗಲು. ಹೆಗಲು ನೋಯಲು ಶುರುವಾದರೆ ನಿಮ್ಮ ಮನೆಯವರ ಮಾತೇ ನಿಜವಾಗುತ್ತದೆ.

ಈಗ ಹಗುರವಾದ ಆಯ್ಕೆಗಳಿವೆ. ಕ್ಯಾನನ್ ಕಂಪನಿಯ ಆರ್‌ಎಫ್ 100-400 ಮಿ.ಮೀ. ಲೆನ್ಸ್ 635 ಗ್ರಾಂ ಮಾತ್ರ. ಅದನ್ನು ಆರ್10 ಕ್ಯಾಮೆರಾಕ್ಕೆ ಜೋಡಿಸಿದರೂ ಒಟ್ಟು ತೂಕ ಒಂದು ಕಿಲೋಗಿಂತ ಸ್ವಲ್ಪವೇ ಹೆಚ್ಚು. ಆ ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರ ಮೂಡಿಸುವ ಫಲಕ, ಚಿಕ್ಕದಾಗಿರುವುದರಿಂದ ಚೌಕಟ್ಟಿನಲ್ಲಿ ಹಕ್ಕಿ 640 ಮಿ.ಮೀ. ಲೆನ್ಸಿನಲ್ಲಿ ಕಂಡಷ್ಟು ದೊಡ್ಡದಾಗಿ ಕಾಣುತ್ತದೆ. ಲೆನ್ಸ್ ಬದಲಿಸುವ ತಾಪತ್ರಯವೇ ಬೇಡವೆನ್ನುವುದಾದರೆ ನಿಕಾನ್ ಪಿ950 ಇದೆ. ಅದೂ ಒಂದು ಕಿಲೋ ತೂಗುತ್ತದೆ ಮತ್ತು ಅದರ ಜೂಮ್ 2000 ಮಿ.ಮೀ.ಗೆ ಸಮನಾದ ದೂರದವರೆಗೆ ಹೋಗುತ್ತದೆ. ಯಾವುದನ್ನೇ ಕೊಂಡರೂ ಹಿಂಬದಿಯ ಪರದೆಯನ್ನು ಮೇಲಕ್ಕೆ ಮಡಚಿಕೊಳ್ಳುವ ಸೌಲಭ್ಯ ಇದೆಯೇ ಎಂದು ನೋಡಿ. ಹಕ್ಕಿಯ ಕಣ್ಣಿನ ಮಟ್ಟದಿಂದ ತೆಗೆದ ಚಿತ್ರಕ್ಕೆ ಜೀವ ಹೆಚ್ಚು. ಮಡಚುವ ಪರದೆ ಇದ್ದರೆ ಮೊಣಕಾಲು ಊರದೆ, ಚಿಕ್ಕ ಮಡಚು ಸ್ಟೂಲಿನ ಮೇಲೆ ಕುಳಿತೇ ಕ್ಯಾಮೆರಾವನ್ನು ನೆಲದ ಹತ್ತಿರ ಹಿಡಿಯಬಹುದು.

ಇನ್ನೂ ಒಂದು ಮಾತು. ಕ್ಯಾಮೆರಾಕ್ಕಿಂತ ಮೊದಲು 8x42 ಅಳತೆಯ (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ) ಒಂದು ಬೈನಾಕ್ಯುಲರ್ ಕೊಂಡು ಒಂದು ಚಳಿಗಾಲವನ್ನು ಕೇವಲ ನೋಡುವುದರಲ್ಲಿ ಕಳೆಯಿರಿ. ಗುಳುಮುಳುಕ ಮುಳುಗಿದ ಜಾಗದಲ್ಲೇ ಏಳುವುದಿಲ್ಲ, ನೀರುಕಾಗೆ ರೆಕ್ಕೆ ಒಣಗಿಸಲು ಬಹುತೇಕ ಅದೇ ಕಲ್ಲಿಗೆ ಮರಳುತ್ತದೆ ಎಂಬಂಥ ಸಂಗತಿಗಳು ತಿಳಿದವರಿಗೆ ಸಾಧಾರಣ ಕ್ಯಾಮೆರಾವೂ ಸಾಕು.

ಫೋಟೊ ಸ್ಟುಡಿಯೊ ನಡೆಸಿದವರು, ಹರಿಹರ

ಮೇಷ್ಟ್ರು ಹೇಳಿದ ತೂಕದ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಪಿ950 ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಅದರ ಸೆನ್ಸರ್ ತೀರ ಚಿಕ್ಕದು. ಬೆಳಕು ಚೆನ್ನಾಗಿದ್ದಾಗ, ಕುಳಿತ ಹಕ್ಕಿಗೆ, ಅದು ಒಳ್ಳೆಯ ಸಾಧನವೇ ಸರಿ. ಹಕ್ಕಿಗಳು ಚುರುಕಾಗಿರುವುದು ಸೂರ್ಯ ಹುಟ್ಟುವ ಹೊತ್ತಿಗೆ, ಆಗ ಅದರ ಚಿತ್ರಗಳು ಕಾಳುಕಾಳಾಗಿ ಬರುತ್ತವೆ. ಹಾರುವ ಹಕ್ಕಿಯನ್ನು ಅದರಲ್ಲಿ ಹಿಡಿಯುವುದಂತೂ ಬಹಳ ಕಷ್ಟ. ಹಣ ಉಳಿಸಬೇಕೆಂದರೆ ಬಳಸಿದ ಲೆನ್ಸ್ ಕೊಳ್ಳಿ, ಆದರೆ ಕೊಳ್ಳುವ ಮುನ್ನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಒಳಗಿನ ಗಾಜಿನ ಮೇಲೆ ಬೂಷ್ಟು ಹಿಡಿದಿದ್ದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಕೆರೆಯಲ್ಲಿ ನಿಮಗೆ ಮೊದಲು ಸಿಗುವುದು ಬೆಳ್ಳಕ್ಕಿ, ಮೊದಲು ಕಾಡುವುದೂ ಅದೇ. ಸುತ್ತಲಿನ ನೀರು, ಜೊಂಡು ಕಪ್ಪಾಗಿರುವುದರಿಂದ ಕ್ಯಾಮೆರಾ ಇಡೀ ದೃಶ್ಯಕ್ಕೆ ಬೆಳಕು ಹೆಚ್ಚಿಸಿಬಿಡುತ್ತದೆ, ಹಕ್ಕಿಯ ಮೈ ಸುಣ್ಣ ಬಳಿದಂತೆ ಬಿಳಿಚಿ ಗರಿಯ ಒಂದು ಎಳೆಯೂ ಕಾಣದಂತಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎಂಬ ಗುಂಡಿಯನ್ನು ಮೈನಸ್ ಕಡೆಗೆ, ಮುಕ್ಕಾಲರಿಂದ ಒಂದರವರೆಗೆ, ತಿರುಗಿಸಿದರೆ ಗರಿಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಆಕಾಶದ ಎದುರು ಹಾರುವ ಹದ್ದಿಗೆ ಇದರ ತದ್ವಿರುದ್ಧ, ಪ್ಲಸ್ ಕಡೆಗೆ ತಿರುಗಿಸಬೇಕು. ಕುಳಿತ ಹಕ್ಕಿಗೆ ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದುಕೊಂಡಿರುವ ಸಮಯ, ಸೆಕೆಂಡಿನ 500ನೆಯ ಒಂದು ಭಾಗವಿದ್ದರೆ ಸಾಲುತ್ತದೆ, ಹಾರುವುದಕ್ಕೆ 2000ನೆಯ ಒಂದು ಭಾಗ ಬೇಕು. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವಾಗಿರಬೇಕು ಎಂಬ ಐಎಸ್‌ಒ ಆಯ್ಕೆಯನ್ನು ಕ್ಯಾಮೆರಾಕ್ಕೇ ಬಿಟ್ಟುಬಿಡಿ. ಹಾರುವ ಹಕ್ಕಿಯನ್ನು ಹಿಡಿಯಲು ಅಭ್ಯಾಸ ಮಾಡುವುದಕ್ಕೆ ಕಪ್ಪು-ಬಿಳುಪು ಮಿಂಚುಳ್ಳಿಯಷ್ಟು ಒಳ್ಳೆಯ ಗುರು ಇಲ್ಲ. ಅದು ಮೀನು ಕಂಡೊಡನೆ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ, ಕೊಕ್ಕನ್ನು ಕೆಳಗೆ ಮಾಡಿ, ತಲೆಯನ್ನು ಅಲುಗಿಸದೆ ನಿಲ್ಲುತ್ತದೆ. ಫೋಕಸ್ ಕೂರಿಸಲು ಅಷ್ಟು ಸಮಯ ಬೇರೆ ಯಾವ ಹಕ್ಕಿಯೂ ಕೊಡುವುದಿಲ್ಲ.

ನಮ್ಮ ಕಡೆಯ ಬೇಸಿಗೆಯ ಬಗ್ಗೆ ಒಂದು ಎಚ್ಚರಿಕೆ. ಮಾರ್ಚ್ ಬಂತೆಂದರೆ ಬೆಳಿಗ್ಗೆ ಒಂಬತ್ತರ ನಂತರ ಕಾದ ನೆಲದಿಂದ ಏಳುವ ಬಿಸಿಗಾಳಿ ಅಲೆಯಾಡುತ್ತದೆ, ದೂರದ ಹಕ್ಕಿಯ ಚಿತ್ರ ಎಷ್ಟು ತೆಗೆದರೂ ಮಸುಕಾಗಿಯೇ ಬರುತ್ತದೆ. ಹೊಸಬರು ಲೆನ್ಸ್ ಕೆಟ್ಟಿದೆ ಎಂದು ನನ್ನ ಬಳಿ ತರುತ್ತಿದ್ದರು. ದೋಷ ಗಾಳಿಯದು, ಗಾಜಿನದಲ್ಲ. ಮನೆಗೆ ಹೋಗಿ ತಿಂಡಿ ತಿನ್ನುವುದೇ ಅದಕ್ಕೆ ಮದ್ದು.

ನಿವೃತ್ತ ಕೃಷಿ ಅಧಿಕಾರಿ, ಮಲೇಬೆನ್ನೂರು

ಮೊಣಕಾಲು ನೋವಿರುವವರಿಗೆ ಭದ್ರಾ ನಾಲೆಯ ರಸ್ತೆಗಳೇ ವರ. ಹಕ್ಕಿಗಳು ನಡೆದು ಬರುವ ಮನುಷ್ಯನನ್ನು ಕಂಡು ಹಾರಿಹೋಗುತ್ತವೆ, ನಿಂತ ಕಾರಿಗೆ ಅಷ್ಟಾಗಿ ಹೆದರುವುದಿಲ್ಲ. ತಂತಿಯ ಮೇಲೆ ಕುಳಿತ ನೀಲಕಂಠ, ಬೇಲಿಯ ಮೇಲಿನ ಕಳಿಂಗ, ಕಳ್ಳಿಪೀರ ಇವೆಲ್ಲವನ್ನೂ ನಾನು ಕಾರಿನ ಕಿಟಕಿಯಿಂದಲೇ ತೆಗೆಯುತ್ತೇನೆ. ಹಳೆಯ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ, ಎರಡೂ ತುದಿ ಹೊಲಿಸಿ, ಒಳಗೆ ಭತ್ತ ತುಂಬಿಕೊಂಡರೆ ಕಿಟಕಿಯ ಅಂಚಿನ ಮೇಲೆ ಲೆನ್ಸ್ ಕೂರಿಸಲು ಒಳ್ಳೆಯ ದಿಂಬಾಗುತ್ತದೆ. ಎಂಜಿನ್ ಆಫ್ ಮಾಡುವುದನ್ನು ಮರೆಯಬಾರದು, ಇಲ್ಲದಿದ್ದರೆ ಅದರ ನಡುಕ ಚಿತ್ರಕ್ಕೂ ಬರುತ್ತದೆ. ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಕೊಯ್ಲಿನ ಕಾಲದಲ್ಲಿ ಟ್ರ್ಯಾಕ್ಟರುಗಳ ಓಡಾಟ ವಿಪರೀತ.

ನಾಟಿಗೆ ಮುಂಚೆ ಗದ್ದೆಗೆ ನೀರು ಬಿಟ್ಟು ಕೆಸರು ಮಾಡುವ ದಿನಗಳನ್ನು ಮಾತ್ರ ತಪ್ಪಿಸಬೇಡಿ. ಟ್ರ್ಯಾಕ್ಟರಿನ ಹಿಂದೆಯೇ ಬೆಳ್ಳಕ್ಕಿ, ಬಿಳಿ ಕೆಂಬರಲು, ಮೈನಾಗಳು ಮುಗಿಬೀಳುತ್ತವೆ. ಕೆಸರಿನಿಂದ ಮೇಲೆದ್ದ ಹುಳುವಿಗಾಗಿ ಎರಡು ಬೆಳ್ಳಕ್ಕಿಗಳು ಕಿತ್ತಾಡುವಾಗ ಅವಕ್ಕೆ ನಿಮ್ಮ ಮೇಲೆ ಗಮನವೇ ಇರುವುದಿಲ್ಲ. ಗದ್ದೆಯ ಮಾಲೀಕರನ್ನು ಒಂದು ಮಾತು ಕೇಳಿ ಬದುವಿನ ಮೇಲೆ ನಿಂತರೆ ಯಾರೂ ಬೇಡವೆನ್ನುವುದಿಲ್ಲ, ಬದಲಿಗೆ ಚಹಾ ಕೊಡುತ್ತಾರೆ.

ವಲಸೆ ಹಕ್ಕಿಗಳ ಕಾಲ ನವೆಂಬರಿನಿಂದ ಫೆಬ್ರವರಿ. ಕೊಂಡಜ್ಜಿ ಕೆರೆಯಲ್ಲಿ ನೀರೂ ಇದೆ, ಪಕ್ಕದಲ್ಲೇ ಗುಡ್ಡದ ಕಾಡೂ ಇದೆ, ಹಾಗಾಗಿ ಒಂದೇ ಬೆಳಿಗ್ಗೆ ಎರಡೂ ಬಗೆಯ ಹಕ್ಕಿಗಳು ಸಿಗುತ್ತವೆ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಅಂದರೆ ಸೂಳೆಕೆರೆ, ನೋಡಲು ಸಮುದ್ರದಂತಿದೆ, ಆದರೆ ಅಷ್ಟು ದೊಡ್ಡ ನೀರಿನಲ್ಲಿ ಹಕ್ಕಿಗಳು ದೂರದಲ್ಲೇ ಉಳಿಯುತ್ತವೆ. ಕಲಿಯುವವರಿಗೆ ಚಿಕ್ಕ ಕೆರೆಯೇ ಮೇಲು. ಒಂದು ದಿನದ ಪ್ರವಾಸ ಮಾಡುವ ಮನಸ್ಸಾದರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿಬನ್ನಿ. ಕೆರೆಯೊಳಗಿನ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2024ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆಯೂ (ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ಅಂತರರಾಷ್ಟ್ರೀಯ ಮಾನ್ಯತೆ) ದೊರೆತಿದೆ. ಕೃಷ್ಣಮೃಗ ನೋಡಬೇಕೆಂದರೆ ರಾಣೆಬೆನ್ನೂರಿನ ವನ್ಯಧಾಮ ದೂರವೇನಲ್ಲ.

ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಚಿತ್ರದುರ್ಗ

ಎಲ್ಲರೂ ಹಕ್ಕಿಯ ಹಿಂದೆಯೇ ಹೋಗಿದ್ದೀರಿ, ನಾನು ನೆಲದ ಕಡೆಯಿಂದ ಹೇಳುತ್ತೇನೆ. ನನ್ನ ಬಳಿ ಇರುವುದು ಒಂದು ಹಳೆಯ ಕ್ಯಾಮೆರಾ ಮತ್ತು ಚಿಕ್ಕ ಜೀವಿಗಳನ್ನು ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಮಾತ್ರ. ನಮ್ಮದು ಬಂಡೆಗಳ ಊರು. ಬಂಡೆ ಓತಿಕ್ಯಾತದ ಗಂಡು ಬೆದೆಯ ಕಾಲದಲ್ಲಿ ಕೆಂಪು-ಕಪ್ಪು ಬಣ್ಣ ಏರಿಸಿಕೊಂಡು ಕಲ್ಲಿನ ತುದಿಯಲ್ಲಿ ದಂಡ ಹೊಡೆಯುತ್ತ ಕುಳಿತಿರುವುದು ಯಾವ ಹಕ್ಕಿಗೂ ಕಡಿಮೆಯಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಹೊಲದ ಬದುಗಳಲ್ಲಿ ಕೆಂಪು ಮಖಮಲ್ ಹುಳುಗಳು ಹರಿದಾಡುತ್ತವೆ. ಆಷಾಢದಲ್ಲಿ ಮಾತ್ರ ಇಲ್ಲಿನ ಗಾಳಿ ಮ್ಯಾಕ್ರೋ ಕೆಲಸಕ್ಕೆ ಬಿಡುವುದಿಲ್ಲ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆ ದಿನಗಳಲ್ಲಿ ನಾನು ಬೆಳಕು ಹರಿಯುವಾಗಲೇ ಹೋಗಿ, ಹೂವಿನ ಕಡ್ಡಿಗೆ ಪಕ್ಕದಲ್ಲಿ ಒಂದು ಕೋಲು ನೆಟ್ಟು, ಬಟ್ಟೆಯ ಕ್ಲಿಪ್ಪಿನಿಂದ ಮೆಲ್ಲಗೆ ಹಿಡಿಸಿ ಚಿತ್ರ ತೆಗೆಯುತ್ತೇನೆ.

ಕೋಟೆಯೊಳಗೆ ಟ್ರೈಪಾಡ್ ಹೂಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಜೋಗಿಮಟ್ಟಿ ಮತ್ತು ಜಗಳೂರಿನ ರಂಗಯ್ಯನದುರ್ಗ ಎರಡೂ ವನ್ಯಧಾಮಗಳು. ಅಲ್ಲಿಗೆ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಬೇಕು. ಕರಡಿ, ಚಿರತೆ ಇರುವ ಕಲ್ಲುಗುಡ್ಡಗಳಿಗೆ ನಸುಕಿನಲ್ಲಿ ಒಬ್ಬರೇ ಹೋಗುವುದು ನಮ್ಮ ವಯಸ್ಸಿಗೆ ಸಲ್ಲದು. ಕೆರೆಯ ಏರಿಯಲ್ಲೂ ಚಪ್ಪಲಿ ಬೇಡ, ಪಾದ ಮುಚ್ಚುವ ಬೂಟು ಹಾಕಿಕೊಳ್ಳಿ. ಕೊಳಕುಮಂಡಲ ಹಾವು ಒಣಹುಲ್ಲಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಮೊದಲು ಬೈನಾಕ್ಯುಲರ್, ಆಮೇಲೆ ಹಗುರ ಲೆನ್ಸ್ ಎಂದು ತೀರ್ಮಾನಿಸಿದ್ದೇನೆ. ನಮ್ಮ ಭಾವನವರ ಹೊಲದ ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಪ್ರತಿ ಮಳೆಗಾಲ ಗೀಜಗಗಳು ಗೂಡು ನೇಯುತ್ತವೆ. ಅವುಗಳ ಚಿತ್ರ ತೆಗೆಯುವುದು ತಪ್ಪೇ?

ನಿವೃತ್ತ ಕೃಷಿ ಅಧಿಕಾರಿ, ಮಲೇಬೆನ್ನೂರು

ದೂರದಿಂದ ತೆಗೆದರೆ ತಪ್ಪಿಲ್ಲ. ಅಡ್ಡ ಬಂದಿತೆಂದು ಒಂದು ರೆಂಬೆಯನ್ನೂ ಕಡಿಯಬಾರದು, ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಕರೆಯಬಾರದು. ಹುಲ್ಲಿನ ಎಳೆಯನ್ನೋ ಹುಳುವನ್ನೋ ಕಚ್ಚಿಕೊಂಡು ಬಂದ ಹಕ್ಕಿ ಗೂಡಿಗೆ ಇಳಿಯದೆ ಪಕ್ಕದ ಕೊಂಬೆಯಲ್ಲಿ ಕೂತು ಕೂಗುತ್ತಿದ್ದರೆ ನೀವು ಹತ್ತಿರವಾಗಿದ್ದೀರಿ ಎಂದೇ ಅರ್ಥ. ಅದು ನಿಶ್ಚಿಂತೆಯಿಂದ ಒಳಗೆ ಹೋಗುವವರೆಗೆ ಹಿಂದೆ ಸರಿಯಿರಿ. ನಿಮಗೆ ಬೇಕಾದ ಚಿತ್ರ ಸಿಗುವುದು ಗೂಡು ಅರ್ಧ ನೇಯ್ದಿರುವಾಗ: ಹೆಣ್ಣು ಪರೀಕ್ಷೆಗೆ ಬಂದೊಡನೆ ಹಳದಿ ತಲೆಯ ಗಂಡು ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತದೆ. ಮೊಟ್ಟೆ, ಮರಿಗಳ ಹೊತ್ತಿಗೆ ಅಲ್ಲಿಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಬಾವಿಗೆ ಕಟ್ಟೆ ಇದೆಯೇ ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಿ, ಏಕೆಂದರೆ ಕ್ಯಾಮೆರಾ ಕಣ್ಣಿಗೆ ಹಿಡಿದವರಿಗೆ ಕಾಲ ಕೆಳಗಿನ ನೆಲ ಕಾಣುವುದಿಲ್ಲ.